ನಾಲ್ಕು ಮರಿಗಳು ಸತ್ತ ಮನೆಗೆ ಐದನೆಯ ಮರಿ

ಪ್ರಶ್ನೆ: ಡಾಕ್ಟರೇ, ನಮ್ಮದು ಕಾಸರಗೋಡಿನ ಪೆರ್ಲದ ಬಳಿ ಅಡಿಕೆ ತೋಟದ ನಡುವಿನ ಮನೆ. ಕಳೆದ ವರ್ಷ ಆಟಿ ತಿಂಗಳಲ್ಲಿ ನಮ್ಮ ಬೆಕ್ಕಿನ ನಾಲ್ಕು ಮರಿಗಳು ಒಂದೇ ವಾರದಲ್ಲಿ ಒಂದರ ಹಿಂದೆ ಒಂದರಂತೆ ಸತ್ತವು. ಮೂರು ತಿಂಗಳಾಗಿತ್ತು, ಗುಂಡುಗುಂಡಾಗಿದ್ದವು. ಹಳದಿ ನೊರೆ ವಾಂತಿ ಮಾಡಿದವು. ಆಮೇಲೆ ನೀರಿನ ಪಾತ್ರೆಯ ಮುಂದೆ ತಲೆ ಬಗ್ಗಿಸಿ ಕುಳಿತವು, ಆದರೆ ಕುಡಿಯಲಿಲ್ಲ. ಅದೇ ವಾರ ತೋಟಕ್ಕೆ ಮದ್ದು ಬಿಟ್ಟಿದ್ದೆವು. ಮೈಲುತುತ್ತಿನ ನೀರು ಕುಡಿದು ಸತ್ತವು ಎಂದು ನಮ್ಮ ಮನೆಯವರು ಹೇಳುತ್ತಾರೆ. ತಾಯಿ ಬೆಕ್ಕಿಗೂ ಆರು ವರ್ಷದ ಗಂಡು ಬೆಕ್ಕಿಗೂ ಏನೂ ಆಗಲಿಲ್ಲ. ಈಗ ಮಗಳು ಗೆಳತಿಯ ಮನೆಯಿಂದ ಎರಡು ತಿಂಗಳ ಮರಿಯೊಂದನ್ನು ತಂದಿದ್ದಾಳೆ. ಕಪ್ಪು, ಬಿಳಿ, ಕೇಸರಿ ಮೂರೂ ಬಣ್ಣವಿದೆ. ಕಿಟ್ಟ ಎಂದು ಹೆಸರಿಟ್ಟಿದ್ದಾಳೆ. ಊರಿನ ಬೆಕ್ಕಿಗೂ ಲಸಿಕೆ ಬೇಕೇ? ಮೃಗಾಸ್ಪತ್ರೆಯ ನೋಟೀಸು ಮಲಯಾಳದಲ್ಲಿತ್ತು. ನೆರೆಮನೆಯವರು ಓದಿ, ವಿಷಕ್ಕೆ ಕೊಡುವ ಇಂಜೆಕ್ಷನ್ ಎಂದರು. ಅದೊಂದನ್ನು ಕೊಡಿಸಿದರೆ ಸಾಕೇ? ಇಂಜೆಕ್ಷನ್ ಕೊಟ್ಟ ಬೆಕ್ಕು ಇಲಿ ಹಿಡಿಯುವುದಿಲ್ಲ ಎನ್ನುವುದು ಹೌದೇ? ಮೊನ್ನೆ ಮರಿ ಮಗಳ ಕೈಗೆ ಪರಚಿ ಸ್ವಲ್ಪ ರಕ್ತ ಬಂತು, ಅರಸಿನ ಹಚ್ಚಿದ್ದೇವೆ. ಅದಕ್ಕೆ ಬೇರೇನಾದರೂ ಮಾಡಬೇಕೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಉಳಿದವು ನಾಲ್ಕು ದಿನ ಕಾದರೂ ನಡೆಯುತ್ತದೆ, ಮಗಳ ಕೈಯ ವಿಷಯ ಹಾಗಲ್ಲ. ಇದನ್ನು ಓದಿದ ಕೂಡಲೇ ಅವಳನ್ನು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಚಿಕ್ಕ ಮರಿ ತಾನೇ, ಗಾಯ ಒಣಗಿದೆಯಲ್ಲ, ಆಗಲೇ ಎರಡು ಮೂರು ದಿನವಾಯಿತಲ್ಲ ಎಂಬ ಯಾವ ಲೆಕ್ಕಾಚಾರವೂ ಬೇಡ. ಚರ್ಮ ಹರಿದು ರಕ್ತ ಬಂದ ಪರಚುಗಾಯವನ್ನು ರೇಬಿಸ್ ಚಿಕಿತ್ಸೆಯಲ್ಲಿ ಮೂರನೆಯ, ಎಂದರೆ ಅತಿ ಗಂಭೀರ ವರ್ಗಕ್ಕೆ ಸೇರಿಸುತ್ತಾರೆ. ಬೆಕ್ಕು ದಿನವಿಡೀ ಪಾದ ನೆಕ್ಕುವ ಪ್ರಾಣಿ. ಜೊಲ್ಲಿನಲ್ಲಿರುವುದು ಉಗುರಿಗೂ ಅಂಟಿರುತ್ತದೆ. ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಎಂಬ, ಕೂಡಲೇ ರಕ್ಷಣೆ ಕೊಡುವ ಮದ್ದು ಕೊಡಬೇಕೆಂದು ವೈದ್ಯರು ಹೇಳಿ ದೊಡ್ಡ ಆಸ್ಪತ್ರೆಗೆ ಕಳುಹಿಸಿದರೆ, ಅಲ್ಲಿಗೂ ಹೋಗಿ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಲಸಿಕೆ ಆರಂಭದ ದಿನ, ಆಮೇಲೆ 3, 7 ಮತ್ತು 28ನೆಯ ದಿನ ಬರುತ್ತದೆ. ಈ ನಡುವೆ ಮರಿಯನ್ನು ಮನೆಯೊಳಗೇ ಇರಿಸಿಕೊಂಡು, ಪರಚಿದ ದಿನದಿಂದ ಹತ್ತು ದಿನ ಗಮನಿಸಿ. ಹತ್ತು ದಿನ ಕಳೆದೂ ಅದು ಆಟವಾಡಿಕೊಂಡು ಚೆನ್ನಾಗಿದ್ದರೆ ಉಳಿದ ಚುಚ್ಚುಮದ್ದು ಬೇಕೇ ಬೇಡವೇ ಎಂದು ವೈದ್ಯರೇ ಹೇಳುತ್ತಾರೆ. ಹತ್ತು ದಿನ ನೋಡಿ ಆಮೇಲೆ ಹೋಗೋಣ ಎಂದು ಮಾತ್ರ ಕೂರಬೇಡಿ. ಅರಸಿನ, ಸುಣ್ಣ, ಕಾಫಿ ಪುಡಿ ಇವುಗಳಿಂದ ಈ ವೈರಸ್ಸಿಗೆ ಏನೂ ಆಗುವುದಿಲ್ಲ. ಇನ್ನೊಮ್ಮೆ ಹೀಗಾದರೆ ನಳ್ಳಿಯ ಕೆಳಗೆ ಕೈ ಹಿಡಿದು ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಏಕೆಂದರೆ ಎರಡು ನಿಮಿಷಕ್ಕೇ ಹದಿನೈದಾಯಿತು ಎಂದು ಎಲ್ಲರಿಗೂ ಅನಿಸುತ್ತದೆ.

ಇನ್ನು ಆ ನೋಟೀಸು. ಅದರಲ್ಲಿ ಇದ್ದ ಪದ 'ಪೇವಿಷಬಾಧೆ' ಆಗಿರಬೇಕು. ಮಲಯಾಳದಲ್ಲಿ ರೇಬಿಸ್‌ಗೆ ಹೇಳುವ ಹೆಸರೇ ಅದು. ಪದದ ನಡುವೆ ವಿಷ ಇದೆಯೆಂದು ಅದು ವಿಷದ ಮದ್ದಾಗುವುದಿಲ್ಲ. ನೆರೆಮನೆಯವರ ತಪ್ಪಲ್ಲ; ನಮ್ಮ ಕಡೆ ಅರ್ಧ ಗೊತ್ತಿರುವ ಭಾಷೆಯಲ್ಲಿ ಇಡೀ ನೋಟೀಸು ಓದಿ ಅರ್ಥಮಾಡಿಕೊಳ್ಳಬೇಕಾದ ಅವಸ್ಥೆ ಎಷ್ಟು ಮನೆಗಳಲ್ಲಿ ಇಲ್ಲ! ಆ ಇಂಜೆಕ್ಷನ್ ರೇಬಿಸ್‌ನಿಂದ ಮಾತ್ರ ಕಾಪಾಡುತ್ತದೆ. ನಿಮ್ಮ ನಾಲ್ಕು ಮರಿಗಳನ್ನು ಕೊಂದ ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಕೊಂದದ್ದು ಯಾವುದು? ಮೈಲುತುತ್ತು ಎಂದು ನಿಮ್ಮ ಯಜಮಾನರು ಊಹಿಸಿದ್ದು ನನಗೆ ಆಶ್ಚರ್ಯವಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುಮಾರು ಎರಡು ದಶಕ ಎಂಡೋಸಲ್ಫಾನ್ ಕೀಟನಾಶಕ ಸುರಿದ ಸೀಮೆ ನಮ್ಮದು. ಇಲ್ಲಿ ಕರು ಸತ್ತರೂ ಜೇನುಗೂಡು ಬರಿದಾದರೂ ಮೊದಲು ಬರುವ ಯೋಚನೆ ವಿಷದ್ದೇ, ಅದಕ್ಕೆ ಕಾರಣವೂ ಇದೆ. ಆದರೆ ನಿಮ್ಮ ಪತ್ರದ ಮೂರು ಸಂಗತಿಗಳು ವಿಷದ ಕಡೆ ಬೊಟ್ಟು ಮಾಡುವುದಿಲ್ಲ. ತುತ್ತದ ನೀರು ಕುಡಿದಿದ್ದರೆ ಅದೇ ದಿನ ಎಲ್ಲಕ್ಕೂ ಒಟ್ಟಿಗೆ ವಾಂತಿಯಾಗುತ್ತಿತ್ತು, ವಾಂತಿಗೆ ನೀಲಿ ಹಸಿರು ಬಣ್ಣ ಇರುತ್ತಿತ್ತು. ನಿಮ್ಮವು ಒಂದರ ಹಿಂದೆ ಒಂದು ಹೋಗಿವೆ, ವಾಂತಿ ಹಳದಿ ನೊರೆ. ದೊಡ್ಡ ಬೆಕ್ಕುಗಳೆರಡೂ ಅದೇ ಅಂಗಳದ ನೀರು ಕುಡಿದು ಕ್ಷೇಮವಾಗಿದ್ದವು. ಮೂರನೆಯದನ್ನು ನೀವು ಸುಮ್ಮನೆ ಬರೆದಿರಬಹುದು, ನನ್ನ ಕಣ್ಣು ಅಲ್ಲೇ ನಿಂತಿತು: ನೀರಿನ ಪಾತ್ರೆಯ ಮುಂದೆ ತಲೆ ಬಗ್ಗಿಸಿ ಕುಳಿತವು, ಕುಡಿಯಲಿಲ್ಲ. ಗದ್ದ ಪಾತ್ರೆಯ ಅಂಚಿಗೆ ತಾಗಿರುತ್ತದೆ, ಬೆನ್ನು ಗೂನಾಗಿರುತ್ತದೆ, ರೋಮ ನಿಮಿರಿರುತ್ತದೆ, ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆ ಅರ್ಧ ಮೇಲೆ ಬಂದಿರುತ್ತದೆ. ಬಾಯಾರಿಕೆ ಇದೆ, ಹೊಟ್ಟೆ ಒಪ್ಪುವುದಿಲ್ಲ. ಈ ಭಂಗಿಯನ್ನು ಒಮ್ಮೆ ಕಂಡ ವೈದ್ಯರು ಮರೆಯುವುದಿಲ್ಲ. ಮರಣೋತ್ತರ ಪರೀಕ್ಷೆ ಇಲ್ಲದೆ ಮೊಹರು ಒತ್ತಿ ಹೇಳಲಾಗದು, ಆದರೂ ನನ್ನ ಅಂದಾಜು ಪ್ಯಾನ್‌ಲ್ಯೂಕೋಪೇನಿಯಾ.

ಹೆಸರು ಬಾಯಿಗೆ ತೊಡಕು, ರೋಗ ಪರಿಚಿತವೇ. ನಾಯಿಮರಿಗಳಿಗೆ ಬರುವ ಪಾರ್ವೋ ರೋಗವನ್ನು ನೀವು ಕೇಳಿರುತ್ತೀರಿ. 1978ರ ಹೊತ್ತಿಗೆ ಲೋಕದ ಗಮನಕ್ಕೆ ಬಂದ ಆ ವೈರಸ್ಸು ಬೆಕ್ಕಿನ ಈ ವೈರಸ್ಸಿನ ಹತ್ತಿರದ ಸಂಬಂಧಿ. ದೇಹದಲ್ಲಿ ಎಲ್ಲಿ ಜೀವಕೋಶಗಳು ಬೇಗ ಬೇಗ ಹುಟ್ಟುತ್ತವೆಯೋ ಅಲ್ಲಿಗೇ ಇದು ನುಗ್ಗುತ್ತದೆ. ಕರುಳಿನ ಒಳಪದರ ಕಳಚಿ ಹೋಗುತ್ತದೆ, ಆದ್ದರಿಂದ ವಾಂತಿ ಭೇದಿ. ಮೂಳೆಯೊಳಗಿನ ಮಜ್ಜೆ ಹಾಳಾಗಿ ಬಿಳಿ ರಕ್ತಕಣಗಳು ಪಾತಾಳಕ್ಕಿಳಿಯುತ್ತವೆ, ಆದ್ದರಿಂದ ಕರುಳಿನಲ್ಲೇ ಇದ್ದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೂ ತಡೆಯುವವರಿಲ್ಲ. ಸೋಂಕು ತಗಲಿ ಲಕ್ಷಣ ಕಾಣಲು ಕೆಲವು ದಿನ ಬೇಕು; ಒಂದೊಂದು ಮರಿಗೆ ಒಂದೊಂದು ದಿನ ತಗಲಿದರೆ ಸಾವೂ ಹಾಗೆಯೇ ಸಾಲು ಹಿಡಿಯುತ್ತದೆ. ಚಿಕಿತ್ಸೆ ಸಿಗದ ಮರಿಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ.

ಇನ್ನು, ತಾಯಿಗೂ ಗಂಡು ಬೆಕ್ಕಿಗೂ ಏಕೆ ಏನೂ ಆಗಲಿಲ್ಲ? ಅವು ಚಿಕ್ಕಂದಿನಲ್ಲೇ ಈ ರೋಗವನ್ನು ಹಾಯ್ದು ಬಂದಿರಬೇಕು. ಹಾಗೆ ಬದುಕಿ ಉಳಿದದ್ದಕ್ಕೆ ಬಹುತೇಕ ಜೀವಮಾನದ ರಕ್ಷಣೆ ಇರುತ್ತದೆ. ಊರ ಬೆಕ್ಕಿಗೆ ಹುಟ್ಟಾ ರೋಗನಿರೋಧಕ ಶಕ್ತಿ ಇದೆ ಎಂಬ ನಂಬಿಕೆ ಹುಟ್ಟಿದ್ದು ಇಲ್ಲಿಂದಲೇ. ಅಂಗಳದಲ್ಲಿ ಓಡಾಡುವ ದೊಡ್ಡ ಬೆಕ್ಕುಗಳೆಲ್ಲ ಗಟ್ಟಿಮುಟ್ಟಾಗಿರುತ್ತವೆ, ನಿಜ. ತೋಟದ ಮೂಲೆಯಲ್ಲಿ ಹೂತ ಮರಿಗಳನ್ನು ಆ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ.

ಹಾಗಿದ್ದರೆ ಆ ತಾಯಿಯ ಹಾಲು ಕುಡಿದ ಮರಿಗಳೇಕೆ ಸತ್ತವು? ನೀವು ಮುಂದೆ ಮಾಡಬೇಕಾದುದೆಲ್ಲ ಈ ಪ್ರಶ್ನೆಯ ಉತ್ತರದಲ್ಲಿದೆ. ತಾಯಿ ತನ್ನ ರಕ್ತದಲ್ಲಿರುವ, ರೋಗ ತಡೆಯುವ ಪ್ರತಿಕಾಯಗಳನ್ನು ಗಿಣ್ಣುಹಾಲಿನ ಮೂಲಕ ಮರಿಗೆ ಕೊಡುತ್ತದೆ. ಅವು ಮರಿಯನ್ನು ಕೆಲವು ವಾರ ಕಾಯುತ್ತವೆ, ಆಮೇಲೆ ಕರಗುತ್ತ ಹೋಗುತ್ತವೆ. ಒಂದು ಮರಿಯಲ್ಲಿ ಎರಡನೆಯ ತಿಂಗಳಿಗೇ ಮುಗಿಯಬಹುದು, ಇನ್ನೊಂದರಲ್ಲಿ ನಾಲ್ಕನೆಯ ತಿಂಗಳವರೆಗೂ ಉಳಿಯಬಹುದು. ಇದರಲ್ಲಿ ತೊಡಕೇನೆಂದರೆ, ಇದೇ ಪ್ರತಿಕಾಯಗಳು ಲಸಿಕೆಯನ್ನೂ ವೈರಸ್ಸೆಂದೇ ತಿಳಿದು ಮುಗಿಸಿಬಿಡುತ್ತವೆ. ಎಂಟನೆಯ ವಾರದಲ್ಲಿ ಕೊಟ್ಟ ಚುಚ್ಚುಮದ್ದು ಹಾಗೆ ನೀರುಪಾಲಾಗಿ, ಹತ್ತನೆಯ ವಾರದಲ್ಲಿ ತಾಯಿಯ ರಕ್ಷಣೆಯೂ ಮುಗಿದರೆ ಮರಿ ಬರಿಗೈ. ಅಡಿಕೆಗೆ ಬೋರ್ಡೋ, ಎಂದರೆ ಮೈಲುತುತ್ತು ಸುಣ್ಣ ಬೆರೆಸಿದ ಮದ್ದು, ಬಿಟ್ಟ ಸಂಜೆಯೇ ಜಡಿಮಳೆ ಹೊಡೆದಂತೆ. ಮದ್ದು ಬಿಟ್ಟದ್ದು ಲೆಕ್ಕದ ಪುಸ್ತಕದಲ್ಲಿ ಇರುತ್ತದೆ, ಗೊನೆಯ ಮೇಲೆ ಇರುವುದಿಲ್ಲ. ಯಾವ ಮರಿಗೆ ಯಾವ ವಾರ ಎಂದು ಹೊರಗಿನಿಂದ ತಿಳಿಯುವುದಿಲ್ಲವಾದ್ದರಿಂದ ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ ಕೊಟ್ಟು, ಹದಿನಾರು ವಾರ ತುಂಬಿದ ಮೇಲೆ ಒಂದು ಸಲ ಖಂಡಿತ ಕೊಡುವ ಕ್ರಮ ಬಂದಿದೆ. ಮೊದಲನೆಯದಕ್ಕಿಂತ ಆ ಕೊನೆಯದೇ ಮುಖ್ಯ.

ವೃತ್ತಿಯ ಮೊದಲ ವರ್ಷಗಳಲ್ಲಿ ನಾನು ಇದನ್ನು ಒತ್ತಿ ಹೇಳುತ್ತಿರಲಿಲ್ಲ. ಒಬ್ಬ ಹುಡುಗ ಎರಡು ತಿಂಗಳ ಮರಿಯನ್ನು ತಂದಿದ್ದ, ಲಸಿಕೆ ಕೊಟ್ಟೆ, ಚೀಟಿಯಲ್ಲಿ ಮುಂದಿನ ದಿನಾಂಕ ಬರೆದೆ, ಅಷ್ಟೇ. ಅಂದು ಕ್ಲಿನಿಕ್ಕಿನಲ್ಲಿ ಜನವಿತ್ತು. ಎರಡು ತಿಂಗಳ ಬಳಿಕ ಅದೇ ಹುಡುಗ ಬಂದು ಆ ಚೀಟಿಯನ್ನು ಮೇಜಿನ ಮೇಲೆ ನೇರ ಮಾಡಿ ಇಟ್ಟ. "ಇಂಜೆಕ್ಷನ್ ಕೊಟ್ಟಿದ್ದೀರಲ್ಲ ಡಾಕ್ಟರೇ, ಹಾಗಾದರೆ ಸತ್ತದ್ದು ಹೇಗೆ?" ಎಂದು ಕೇಳಿದ. ಸಿಟ್ಟಿರಲಿಲ್ಲ, ನಿಜವಾಗಿಯೇ ತಿಳಿಯಬೇಕಿತ್ತು ಅವನಿಗೆ. ಅಂದಿನಿಂದ ಹದಿನಾರನೆಯ ವಾರದ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ, ಬರೆದದ್ದನ್ನು ಬಾಯಲ್ಲಿ ಓದಿಯೂ ಹೇಳುತ್ತೇನೆ.

ನಿಮ್ಮ ಮರಿಗೆ ಈಗ ಸುಮಾರು ಎಂಟು ವಾರ. ಭೇದಿ, ಶೀತ ಇಲ್ಲದಿದ್ದರೆ ಈ ವಾರವೇ ಮೂರು ರೋಗಗಳ ಸಂಯುಕ್ತ ಲಸಿಕೆ ಕೊಡಿಸಿ. ಟ್ರೈಕ್ಯಾಟ್ ಎಂದು ಕೇಳಿದರೆ ಔಷಧದಂಗಡಿಯವರಿಗೂ ತಿಳಿಯುತ್ತದೆ. ಹನ್ನೆರಡನೆಯ ವಾರದಲ್ಲಿ ಎರಡನೆಯ ಸಲ, ಜೊತೆಗೆ ರೇಬಿಸ್. ಹದಿನಾರನೆಯ ವಾರದಲ್ಲಿ ಮೂರನೆಯ ಸಲ. ಆರು ತಿಂಗಳಿಗೋ ವರ್ಷ ತುಂಬುವಾಗಲೋ ಮತ್ತೊಂದು. ಇಷ್ಟಾದ ಮೇಲೆ ಪ್ಯಾನ್‌ಲ್ಯೂಕೋಪೇನಿಯಾದ ರಕ್ಷಣೆ ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ನಿಲ್ಲುತ್ತದೆ. ರೇಬಿಸ್ ಮಾತ್ರ ನಮ್ಮಲ್ಲಿ ವರ್ಷ ವರ್ಷ.

ಟ್ರೈಕ್ಯಾಟಿನಲ್ಲಿರುವ ಇನ್ನೆರಡು ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್ಸುಗಳ ವಿರುದ್ಧ. ಸೀನು, ಕೀವುಗಟ್ಟಿದ ಕಣ್ಣು, ನಾಲಗೆಯ ಹುಣ್ಣು ಅವುಗಳ ಕೆಲಸ. ಇವಕ್ಕೆ ಲಸಿಕೆ ಪೂರ್ಣ ತಡೆಯಲ್ಲ, ರೋಗದ ಕಾವನ್ನು ಇಳಿಸುತ್ತದೆ ಅಷ್ಟೆ. ಲಸಿಕೆ ಹಾಕಿಸಿದ ಬೆಕ್ಕು ಸೀನಿದರೆ ಮೋಸವಾಯಿತೆಂದು ತಿಳಿಯಬೇಡಿ.

ಅಡ್ಡಪರಿಣಾಮದ ಭಯವನ್ನು ನೀವು ಬರೆಯಲಿಲ್ಲ, ಆದರೂ ಹೇಳಬೇಕು. ಒಂದೆರಡು ದಿನ ಮರಿ ಮಂಕಾಗಬಹುದು, ಚುಚ್ಚಿದಲ್ಲಿ ಬಟಾಣಿಯಷ್ಟು ಗಂಟು ಬರಬಹುದು, ತಾನಾಗಿ ಕರಗುತ್ತದೆ. ಅಪರೂಪಕ್ಕೆ ಮುಖ ಊದುವುದು, ವಾಂತಿ, ಉಬ್ಬಸ ಆಗುತ್ತದೆ; ಆದ್ದರಿಂದ ಅರ್ಧ ಗಂಟೆ ಆಸ್ಪತ್ರೆಯ ಜಗಲಿಯಲ್ಲೇ ಕುಳಿತು ಬನ್ನಿ. ಇದಕ್ಕಿಂತಲೂ ಅಪರೂಪ, ಸುಮಾರು ಹತ್ತು ಸಾವಿರದಲ್ಲಿ ಒಂದು ಬೆಕ್ಕಿಗೆ, ಚುಚ್ಚಿದ ಜಾಗದಲ್ಲಿ ಕೆಟ್ಟ ಗಡ್ಡೆ ಬೆಳೆಯುವುದುಂಟು. ಗಂಟು ಮೂರು ತಿಂಗಳಾದರೂ ಉಳಿದರೆ, ಎರಡು ಸೆಂಟಿಮೀಟರಿಗಿಂತ ದೊಡ್ಡದಾದರೆ, ಅಥವಾ ಒಂದು ತಿಂಗಳ ಬಳಿಕವೂ ಬೆಳೆಯುತ್ತಲೇ ಇದ್ದರೆ ತೋರಿಸಿ. ಬೆನ್ನಿಗೆ ಕೊಡುವುದಕ್ಕಿಂತ ಕಾಲಿನ ಕೆಳಭಾಗಕ್ಕೆ ಕೊಡುವುದು ಲೇಸು. ಗಡ್ಡೆ ಬಂದರೂ ಶಸ್ತ್ರಚಿಕಿತ್ಸೆಗೆ ಎಡೆಯಿರುತ್ತದೆ. ಕೇಳಿ ಕೊಡಿಸಿಕೊಳ್ಳಬಹುದು, ತಪ್ಪಿಲ್ಲ.

ಮನೆಯ ವಿಚಾರ. ಈ ವೈರಸ್ಸು ನೆಲದ ಸಂದಿಯಲ್ಲಿ, ಗೋಣಿಯಲ್ಲಿ, ಚಪ್ಪಲಿಯಲ್ಲಿ ಒಂದು ವರ್ಷದವರೆಗೂ ಬದುಕಬಲ್ಲದು. ಫಿನಾಯಿಲಿಗೆ ಇದು ಬಗ್ಗುವುದಿಲ್ಲ. ಬಗ್ಗುವುದು ಬೆಕ್ಕು: ಫಿನಾಯಿಲ್ ಒರೆಸಿದ ನೆಲದಲ್ಲಿ ನಡೆದು ಪಾದ ನೆಕ್ಕಿದರೆ ಅದೇ ವಿಷ. ಡೆಟ್ಟಾಲ್ ಕೂಡ ಬೆಕ್ಕಿಗೆ ಆಗದು. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿ ಸಾಕು. ಮೊದಲು ಸಾಬೂನು ಹಾಕಿ ಉಜ್ಜಿ ಕೊಳೆ ತೆಗೆಯಿರಿ, ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಆಮೇಲೆ ಒಂದು ಲೀಟರ್ ನೀರಿಗೆ ಒಂದು ತುಂಬು ಟೀ ಚಮಚ, ಎಂದರೆ ಸುಮಾರು 6 ಗ್ರಾಂ ಪುಡಿ ಕದಡಿ, ನೆಲ ಹತ್ತು ನಿಮಿಷ ಒದ್ದೆಯಾಗಿರುವಂತೆ ಒರೆಸಿ, ಬಳಿಕ ನೀರಿನಲ್ಲಿ ತೊಳೆದು ಒಣಗಿಸಿ. ಒಣಗುವವರೆಗೆ ಮರಿ ಬೇರೆ ಕೋಣೆಯಲ್ಲಿರಲಿ. ಪುಡಿಗೆ ಮೂಗಿಗೆ ಅಡರುವ ವಾಸನೆ ಇಲ್ಲದಿದ್ದರೆ ಅದರ ಸತ್ವ ಹೋಗಿದೆ, ಹೊಸದು ತನ್ನಿ. ಕಕ್ಕಸು ತೊಳೆಯುವ ಆಸಿಡ್ಡಿನೊಂದಿಗೆ ಎಂದೂ ಬೆರೆಸಬೇಡಿ. ಸತ್ತ ಮರಿಗಳು ಮಲಗಿದ್ದ ಗೋಣಿ, ಬುಟ್ಟಿ ಇನ್ನೂ ಅಟ್ಟದಲ್ಲಿದ್ದರೆ ಸುಟ್ಟುಬಿಡಿ. ಮಣ್ಣಿನ ಅಂಗಳವನ್ನು ಶುದ್ಧ ಮಾಡುವ ದಾರಿ ಇಲ್ಲ. ಅದಕ್ಕೇ ಮೂರನೆಯ ಲಸಿಕೆಯಾಗಿ ಒಂದು ವಾರ ಕಳೆಯುವವರೆಗೆ ಮರಿಯನ್ನು ಒಂದು ಕೋಣೆಯಲ್ಲಿ ಬೆಳೆಸಿ ಎನ್ನುವುದು. ಕಷ್ಟ, ಗೊತ್ತು. ತೋಟದ ಕೆಲಸದವರ ಚಪ್ಪಲಿ ಹೊರಗೇ ಉಳಿದರೆ ಅರ್ಧ ಗೆದ್ದಂತೆ.

ಲಸಿಕೆ ಎಲ್ಲಿ ಎನ್ನುವುದೂ ಪ್ರಶ್ನೆಯೇ. ರೇಬಿಸ್ ಲಸಿಕೆ ಅಗ್ಗ, ಊರಿನ ಮೃಗಾಸ್ಪತ್ರೆಯಲ್ಲೇ ಆಗುತ್ತದೆ. ಇದು ಹೆಚ್ಚಾಗಿ ಹತ್ತು ಡೋಸಿನ ಸೀಸೆಯಲ್ಲಿ ಬರುವುದರಿಂದ ಒಂದು ಬೆಕ್ಕಿಗೆಂದು ತೆರೆಯಲು ಹಿಂದೆಮುಂದೆ ನೋಡಬಹುದು. ನೆರೆಹೊರೆಯ ನಾಲ್ಕೈದು ಬೆಕ್ಕು, ನಾಯಿಗಳನ್ನು ಒಂದೇ ದಿನ ಕರೆದೊಯ್ದರೆ ಆ ಮಾತು ಬರುವುದಿಲ್ಲ. ಟ್ರೈಕ್ಯಾಟ್ ಒಂದು ಬೆಕ್ಕಿಗೊಂದು ಸೀಸೆ, ರೇಬಿಸ್ ಲಸಿಕೆಯ ಹಲವು ಪಟ್ಟು ಬೆಲೆ. ಅದಕ್ಕೆ ಕಾಸರಗೋಡು, ಪುತ್ತೂರು ಅಥವಾ ಮಂಗಳೂರಿನ ಖಾಸಗಿ ಕ್ಲಿನಿಕ್ಕಿಗೆ ಫೋನು ಮಾಡಿ ದಾಸ್ತಾನು ಇದೆಯೇ ಕೇಳಿಕೊಂಡು ಹೊರಡಿ. ಅಂಗಡಿಯಿಂದ ಲಸಿಕೆ ಕೊಂಡು ಚೀಲದಲ್ಲಿಟ್ಟು ಬಸ್ಸಿನಲ್ಲಿ ತರುವ ಕೆಲಸ ಬೇಡ. 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕಾದದ್ದು ನಮ್ಮ ಸೆಕೆಯಲ್ಲಿ ಒಂದು ಪ್ರಯಾಣಕ್ಕೇ ಕೆಡಬಹುದು, ಕೆಟ್ಟದ್ದು ನೋಡಿದರೆ ತಿಳಿಯುವುದೂ ಇಲ್ಲ. ಮರಿಯನ್ನು ಲಸಿಕೆಯ ಬಳಿಗೆ ಒಯ್ಯಿರಿ. ಗೋಣಿಯಲ್ಲಿ ಕಟ್ಟಬೇಡಿ, ಎರಡು ಪ್ಲಾಸ್ಟಿಕ್ ಬುಟ್ಟಿಗಳನ್ನು ಬಾಯಿಗೆ ಬಾಯಿ ಸೇರಿಸಿ ಹಗ್ಗ ಹಾಕಿದರೆ ಒಳ್ಳೆಯ ಪೆಟ್ಟಿಗೆಯಾಗುತ್ತದೆ.

ಮೂರು ಸಲ ಅಷ್ಟು ದೂರ ಹೋಗಲು ಆಗುವುದೇ ಇಲ್ಲ ಎಂದಾದರೆ? ಹನ್ನೆರಡನೆಯ ಮತ್ತು ಹದಿನಾರನೆಯ ವಾರ ಎರಡೇ ಸಲ ಹೋಗಿ; ಅಲ್ಲಿಯವರೆಗೆ ಮರಿ ಕೋಣೆ ಬಿಟ್ಟು ಹೊರಬರದಂತೆ ನೋಡಿಕೊಳ್ಳಿ. ಇದರಲ್ಲಿ ನಾಲ್ಕು ವಾರದ ಗಂಡಾಂತರ ಇದೆ, ಆದರೂ ಮೊದಲನೆಯದನ್ನು ಕೊಡಿಸಿ ಕೊನೆಯದನ್ನು ಬಿಡುವುದಕ್ಕಿಂತ ಮೇಲು. ರೇಬಿಸ್ ಒಂದನ್ನೇ ಕೊಡಿಸಿದರೆ ಮನೆಯವರು ಕ್ಷೇಮ, ಮರಿ ಅದೃಷ್ಟದ ಕೈಯಲ್ಲಿ. ರೇಬಿಸ್ ಬೇಡ ಎನ್ನುವ ಆಯ್ಕೆಯನ್ನು ನಾನು ಕೊಡುವುದಿಲ್ಲ. ಬೀದಿನಾಯಿಯಷ್ಟೇ ಅಲ್ಲ, ಗುಡ್ಡದಿಂದ ಇಳಿಯುವ ನರಿ, ಮುಂಗುಸಿಯಿಂದಲೂ ಅದು ಬೆಕ್ಕಿಗೆ ಬರಬಹುದು. ಸಾಧು ಬೆಕ್ಕು ಏಕಾಏಕಿ ಕತ್ತಲೆ ಮೂಲೆ ಸೇರಿ, ದನಿ ಬದಲಾಗಿ, ಮೈಮೇಲೆ ಎರಗಿದರೆ ಹಿಡಿಯಲು ಹೋಗದೆ ಬಾಗಿಲು ಹಾಕಿ ಫೋನು ಮಾಡಿ.

ದೊಡ್ಡ ಬೆಕ್ಕುಗಳೆರಡಕ್ಕೂ ರೇಬಿಸ್ ಕೊಡಿಸಿ. ಹಣವಿದ್ದರೆ ಟ್ರೈಕ್ಯಾಟ್, ಇಲ್ಲದಿದ್ದರೆ ಅವುಗಳ ವಿಚಾರದಲ್ಲಿ ನನಗೆ ಆತುರವಿಲ್ಲ. ತಾಯಿ ಗಬ್ಬವಾಗಿದ್ದರೆ ಟ್ರೈಕ್ಯಾಟ್ ಕೊಡಿಸಲೇಬೇಡಿ. ಅದರಲ್ಲಿರುವುದು ಶಕ್ತಿಗುಂದಿಸಿದ ಜೀವಂತ ವೈರಸ್ಸು, ಹೊಟ್ಟೆಯಲ್ಲಿರುವ ಮರಿಗಳ ಮಿದುಳಿಗೆ ಹಾನಿ ಮಾಡಬಹುದು. ಗಂಡು ಬೆಕ್ಕಿಗೆ ಬೀಜ ತೆಗೆಸಿ. ರಾತ್ರಿ ಕಾದಾಟದ ಕಡಿತದಿಂದ ಹರಡುವ, ಏಡ್ಸ್‌ನಂಥ ರೋಗವೊಂದು ಬೆಕ್ಕುಗಳಲ್ಲಿದೆ, ಇಲ್ಲಿ ಅದಕ್ಕೆ ಲಸಿಕೆ ಇಲ್ಲ.

ಒಂದು ವೇಳೆ ಮರಿ ವಾಂತಿ ಶುರು ಮಾಡಿದರೆ ಲಸಿಕೆಗೆ ಓಡಬೇಡಿ, ಕಾಯಿ ಉದುರಿದ ಮೇಲೆ ಬೋರ್ಡೋ ಬಿಟ್ಟಂತೆ. ಅದೇ ದಿನ ಡ್ರಿಪ್ ಮತ್ತು ಆಂಟಿಬಯಾಟಿಕ್ ಸಿಗುವಲ್ಲಿಗೆ ಒಯ್ಯಿರಿ. ಮೊದಲ ಕೆಲವು ದಿನ ದಾಟಿಸಿದರೆ ಉಳಿಯುವ ಮರಿಗಳೂ ಇವೆ. ಮಕ್ಕಳ ಜ್ವರದ ಪ್ಯಾರಾಸಿಟಮಾಲ್ ಸಿರಪ್ ಒಂದು ಹನಿಯೂ ಬೇಡ. ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ವಸಡು ಕಂದುಬಣ್ಣಕ್ಕೆ ತಿರುಗಿ ಉಸಿರುಗಟ್ಟಿ ಸಾಯುತ್ತದೆ. ರೋಗದಿಂದ ಉಳಿಯಬಹುದಾಗಿದ್ದ ಮರಿಗಳು ಹೀಗೆ ಅಕ್ಕರೆಯ ಒಂದು ಚಮಚಕ್ಕೆ ಹೋದದ್ದನ್ನು ಕಂಡಿದ್ದೇನೆ.

ಇಲಿ ಹಿಡಿಯುವ ಮಾತು ಸುಳ್ಳು. ಲಸಿಕೆ ಕೊಡಿಸಿದ ಮನೆಯವರು ಬೆಕ್ಕಿಗೆ ಮೀನನ್ನೂ ಹೆಚ್ಚು ಹಾಕುತ್ತಾರೆ, ಹೊಟ್ಟೆ ತುಂಬಿದ ಬೆಕ್ಕು ಮಲಗುತ್ತದೆ, ಅಪವಾದ ಸೂಜಿಗೆ.

ಇನ್ನೊಂದು ವಿಷಯ. ಕಪ್ಪು, ಬಿಳಿ, ಕೇಸರಿ ಮೂರೂ ಬಣ್ಣದ ಮರಿ ಎಂದಿರಿ. ಆ ಮೂರು ಒಟ್ಟಿಗೆ ಬರುವುದು ಬಹುಮಟ್ಟಿಗೆ ಹೆಣ್ಣಿನಲ್ಲೇ. ಗಂಡಾದರೆ ಅದು ಅಪರೂಪದಲ್ಲಿ ಅಪರೂಪ. ಐದಾರು ತಿಂಗಳಲ್ಲಿ, ಕೊನೆಯ ಲಸಿಕೆಯಾಗಿ ಎರಡು ವಾರದ ಬಳಿಕ, ಸಂತಾನಹರಣದ ಆಪರೇಷನ್ನಿಗೂ ದಿನ ಕೇಳಿಟ್ಟುಕೊಳ್ಳಿ. ಲಸಿಕೆಯ ಚೀಟಿಯಲ್ಲಿ ಕಿಟ್ಟ ಎಂದು ಬರೆಸುವ ಮೊದಲು ಮಗಳನ್ನು ಒಮ್ಮೆ ಕೇಳಿ.